ಪಿ-ಕ್ಯೂ ವಿಮರ್ಶೆ: ಸ್ಟುಡಿಯೊದ ಹತ್ತು ಸಾವಿರ ಫೋಟೊಗಳಿಗೆ ಈ ಲೈಬ್ರರಿ ಸಾಕಾ?

ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಉಡುಪಿಯ ಜೋಡುಕಟ್ಟೆಯಿಂದ ಪರ್ಯಾಯದ ಮೆರವಣಿಗೆ ಹೊರಟು ರಥಬೀದಿ ಸೇರುವಷ್ಟರಲ್ಲಿ ಒಂದೊಂದು ಸ್ಟುಡಿಯೊದ ಮೂರ್ನಾಲ್ಕು ಕ್ಯಾಮೆರಾಗಳ ಕಾರ್ಡು ತುಂಬಿರುತ್ತವೆ. ಮದುವೆ ಸೀಸನ್ ಬಂತೆಂದರೆ ಮಂಗಳೂರಿನ ಸ್ಟುಡಿಯೊಗಳದ್ದೂ ಅದೇ ಪಾಡು. ಎಲ್ಲವನ್ನೂ ಸಣ್ಣದು ಮಾಡಬೇಕು, ವಾಟರ್‌ಮಾರ್ಕ್ ಹಾಕಬೇಕು, ಪಾರ್ಟಿಗೆ ತೋರಿಸಲಿಕ್ಕೆ ಆನ್‌ಲೈನ್ ಆಲ್ಬಮಿಗೆ ಏರಿಸಬೇಕು. ನೋಡ್ ಜೆಎಸ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಗೊತ್ತಿದ್ದವರಿಗೆ ಇದು ಐವತ್ತು ಸಾಲಿನ ಸ್ಕ್ರಿಪ್ಟು. ಆ ಐವತ್ತು ಸಾಲಿನಲ್ಲಿ ಮತ್ತೆ ಮತ್ತೆ ಕಾಣಿಸುವ ಹೆಸರು ಪಿ-ಕ್ಯೂ, ಅಂದರೆ ಕೆಲಸಗಳನ್ನು ಸರದಿಯ ಸಾಲಿನಲ್ಲಿ ನಿಲ್ಲಿಸಿ ಒಂದು ಸಲಕ್ಕೆ ಇಂತಿಷ್ಟೇ ಎಂದು ಒಳಗೆ ಬಿಡುವ ಲೈಬ್ರರಿ: ಸಿಂಡ್ರೆ ಸೋರ್ಹುಸ್ ಬರೆದದ್ದು, ಎಂಐಟಿ ಲೈಸೆನ್ಸ್, ದುಡ್ಡು ಕೊಡಲಿಕ್ಕಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದು ಸಲಕ್ಕೆ ಎಷ್ಟು ಕೆಲಸ ನಡೆಯಬೇಕು ಎಂದು ಎಣಿಸುವುದನ್ನು ಪಿ-ಕ್ಯೂ ಚೊಕ್ಕವಾಗಿ ಮಾಡುತ್ತದೆ. ಎಣಿಕೆ ಬಿಟ್ಟರೆ ಬೇರೇನನ್ನೂ ನೋಡಿಕೊಳ್ಳುವುದಿಲ್ಲ. ರ್‍ಯಾಮ್ ಎಷ್ಟು ಉಳಿದಿದೆ, ಡಿಸ್ಕ್ ತುಂಬಿತಾ, ಕರೆಂಟ್ ಹೋದರೆ ಎಲ್ಲಿಂದ ಮುಂದುವರಿಸಬೇಕು, ಇದು ಯಾವುದೂ ಅದಕ್ಕೆ ಗೊತ್ತಿಲ್ಲ. ಅದಷ್ಟನ್ನೂ ನೀವೇ ಬರೆಯುತ್ತೀರಿ ಎಂದಾದರೆ ಧೈರ್ಯವಾಗಿ ಹಾಕಿಕೊಳ್ಳಿ.

ಮೊದಲಿಗೆ, ಇಂಥ ಸರದಿಯ ಸಾಲೇ (ಕ್ಯೂ) ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡುವ. ಫೋಲ್ಡರಿನ ಪಟ್ಟಿ ತೆಗೆದು, ಪ್ರತಿಯೊಂದಕ್ಕೂ ರೀಡ್‌ಫೈಲ್ ಕರೆದು, ಒಟ್ಟಿಗೆ ಪ್ರಾಮಿಸ್ ಡಾಟ್ ಆಲ್‌ಗೆ ಕೊಡುವುದು ಎಲ್ಲರೂ ಮೊದಲು ಬರೆಯುವ ರೂಪ (ಪ್ರಾಮಿಸ್ ಅಂದರೆ ಶುರುವಾದ ಕೆಲಸದ ಫಲ ಆಮೇಲೆ ಸಿಗುತ್ತದೆ ಎಂಬ ಚೀಟಿ; ಆಲ್ ಎಲ್ಲ ಚೀಟಿಗಳಿಗೂ ಒಟ್ಟಿಗೆ ಕಾಯುತ್ತದೆ). ನೋಡ್‌ನ ಒಳಗೆ ಫೈಲ್ ಕೆಲಸ ಮಾಡುವ ಥ್ರೆಡ್‌ಪೂಲ್‌ನಲ್ಲಿ ಏನೂ ಬದಲಾಯಿಸದಿದ್ದರೆ ಇರುವುದು ನಾಲ್ಕೇ ಥ್ರೆಡ್, ಅಂದರೆ ಒಂದು ಸಲಕ್ಕೆ ಒಂದೊಂದು ಕೆಲಸ ಹಿಡಿಯುವ ನಾಲ್ಕು ಆಳು. ಹಾಗಿದ್ದ ಮೇಲೆ ನಾಲ್ಕೇ ಫೈಲು ತೆರೆದಿರುತ್ತದಲ್ಲ, ಮಿತಿ ತಾನಾಗಿಯೇ ಬಂತಲ್ಲ ಎಂದು ಅನ್ನಿಸುತ್ತದೆ. ಹಾಗಾಗುವುದಿಲ್ಲ. ಫೈಲ್ ಓದುವುದು ಒಂದೇ ಕೆಲಸವಲ್ಲ: ತೆರೆ, ಅಳತೆ ಕೇಳು, ಓದು, ಮುಚ್ಚು ಎಂದು ನಾಲ್ಕು ಹಂತ. ಹತ್ತು ಸಾವಿರ ‘ತೆರೆ’ಗಳು ಒಮ್ಮೆಲೇ ಥ್ರೆಡ್‌ಪೂಲ್‌ನ ಬಾಗಿಲಲ್ಲಿ ನಿಲ್ಲುತ್ತವೆ. ಮೊದಲ ಫೈಲ್ ತೆರೆದಾದ ಮೇಲೆ ಅದರ ಮುಂದಿನ ಹಂತ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಅಂದರೆ ಹೆಚ್ಚುಕಡಿಮೆ ಹತ್ತು ಸಾವಿರವೂ ತೆರೆದುಕೊಂಡ ಮೇಲೆಯೇ ಮೊದಲನೆಯದು ಮುಚ್ಚುವ ಪಾಳಿ ಬರುವುದು. ‘ಇಎಂಫೈಲ್’, ಅಂದರೆ ತೆರೆದ ಫೈಲು ಜಾಸ್ತಿಯಾಯಿತು ಎಂಬ ಎರರ್ ಹುಟ್ಟುವುದು ಇಲ್ಲಿ.

ಎಷ್ಟು ಫೈಲು ತೆರೆದಿರಬಹುದು ಎಂಬ ಮಿತಿ ಹೇಳುವ ಯೂಲಿಮಿಟ್ ಕಮಾಂಡ್ 1024 ತೋರಿಸುತ್ತದೆ, ಆದರೂ ಆ ಎರರ್ ಬರಲಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ನೋಡ್ ಶುರುವಾಗುವಾಗಲೇ ಆ ಸಾಫ್ಟ್ ಮಿತಿಯನ್ನು (ಪ್ರೋಗ್ರಾಂ ತಾನೇ ಏರಿಸಬಹುದಾದದ್ದು) ಹಾರ್ಡ್ ಮಿತಿಯತ್ತ (ಅದರ ಗರಿಷ್ಠ) ತಾನೇ ಏರಿಸಿಕೊಳ್ಳುತ್ತದೆ. ಹಾಗಾಗಿ ಹೊಸ ಮೆಷಿನ್‌ಗಳಲ್ಲಿ ಮೊದಲು ಮುಗಿಯುವುದು ಹೆಚ್ಚಾಗಿ ರ್‍ಯಾಮ್. ಒಂದೊಂದು ಜೆಪೆಗ್ 8 ಎಂಬಿ ಎಂದಿಟ್ಟುಕೊಂಡರೆ ಹತ್ತು ಸಾವಿರಕ್ಕೆ 80 ಜಿಬಿ. 16 ಜಿಬಿಯ ಕಂಪ್ಯೂಟರ್ ಅಷ್ಟನ್ನು ಎಲ್ಲಿಂದ ತರಬೇಕು?

ಇದಕ್ಕೆ ಕೆಲವರು ಹುಡುಕುವ ಸುಲಭ ದಾರಿ ಬ್ಯಾಚ್: ಐವತ್ತೈವತ್ತು ಫೈಲುಗಳ ತುಂಡು ಮಾಡಿ, ಒಂದು ತುಂಡು ಪೂರ್ತಿ ಮುಗಿದ ಮೇಲೆ ಇನ್ನೊಂದು. ಇದು ಮಠದ ಊಟದ ಪಂಕ್ತಿಯ ಲೆಕ್ಕ. ನಿಧಾನಕ್ಕೆ ಪಾಯಸ ಉಣ್ಣುವವರು ಒಬ್ಬರಿದ್ದರೆ ಮುಂದಿನ ಪಂಕ್ತಿ ಪೂರ್ತಿ ಹೊರಗೆ ಕಾಯಬೇಕು. ಪಿ-ಕ್ಯೂ ಮಾಡುವುದು ಹೋಟೆಲಿನ ಲೆಕ್ಕ: ಒಬ್ಬರು ಎದ್ದ ಕೂಡಲೇ ಆ ಕುರ್ಚಿಗೆ ಇನ್ನೊಬ್ಬರು. ಫೈಲುಗಳ ಗಾತ್ರ ಒಂದೇ ಇದ್ದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. 2 ಎಂಬಿಯ ಜೆಪೆಗ್ ಪಕ್ಕದಲ್ಲಿ 60 ಎಂಬಿಯ ಟಿಫ್ ಬಂದು ಕೂತರೆ ಬ್ಯಾಚ್‌ನಲ್ಲಿ ಪ್ರೊಸೆಸರಿನ ಕೋರುಗಳು ಸುಮ್ಮನೆ ಕೂರುತ್ತವೆ.

ಬಳಸುವ ಕ್ರಮ ಇಷ್ಟೆ. ಒಂದು ಸಲಕ್ಕೆ ಎಷ್ಟು ಕೆಲಸ ಎಂಬುದೇ ಕನ್‌ಕರೆನ್ಸಿ. ಕನ್‌ಕರೆನ್ಸಿ ಸಂಖ್ಯೆ ಕೊಟ್ಟು ಕ್ಯೂ ಕಟ್ಟಿ, ‘ಆ್ಯಡ್’ಗೆ ಫಂಕ್ಷನ್ ಕೊಡಿ, ಕೊನೆಗೆ ‘ಆನ್‌ಐಡಲ್’ಗೆ, ಅಂದರೆ ಎಲ್ಲ ಕೆಲಸ ಮುಗಿಯುವುದಕ್ಕೆ, ಕಾಯಿರಿ. ಆನ್‌ಎಂಪ್ಟಿ ಎಂಬುದೂ ಉಂಟು; ಅದಕ್ಕೆ ಕಾದು ಪ್ರೋಗ್ರಾಂ ಮುಗಿಸಿದರೆ ಕೊನೆಯ ಕೆಲವು ಫೋಟೊ ಅರ್ಧಕ್ಕೆ ನಿಲ್ಲುತ್ತವೆ, ಯಾಕೆಂದರೆ ಸಾಲಿನಲ್ಲಿ ಕಾಯುವವರು ಖಾಲಿಯಾದರೆ ಸಾಕು, ಒಳಗೆ ನಡೆಯುತ್ತಿರುವುದು ಮುಗಿಯದಿದ್ದರೂ ಅದು ‘ಆಯಿತು’ ಎನ್ನುತ್ತದೆ. ಇನ್ನೊಂದು: ಕನ್‌ಕರೆನ್ಸಿ ಕೊಡದಿದ್ದರೆ ಡೀಫಾಲ್ಟ್ ಅನಂತ. ಮಿತಿ ಹಾಕಲಿಕ್ಕೆಂದೇ ತಂದ ಲೈಬ್ರರಿಗೆ ಮಿತಿಯೇ ಇಲ್ಲದ ಡೀಫಾಲ್ಟ್ ಯಾಕೋ, ಮಾರಾಯ್ರೆ! ಸ್ಪೆಲ್ಲಿಂಗ್ ಒಂದಕ್ಷರ ತಪ್ಪಿ ಆಪ್ಷನ್ ಬರೆದರೂ ಅದು ದೂರು ಹೇಳುವುದಿಲ್ಲ, ಹತ್ತು ಸಾವಿರವನ್ನೂ ಒಮ್ಮೆಲೇ ಬಿಡುತ್ತದೆ. ಸ್ಕ್ರಿಪ್ಟ್ ಶುರುವಾದ ಕೂಡಲೇ ಕನ್‌ಕರೆನ್ಸಿಯನ್ನು ಲಾಗ್‌ನಲ್ಲಿ ಪ್ರಿಂಟ್ ಮಾಡಿ ನೋಡುವುದು ಒಳ್ಳೆಯದು.

ಆ್ಯಡ್‌ಗೆ ಕೊಡುವುದು ಫಂಕ್ಷನ್ ಆಗಿರಬೇಕು, ಆಗಲೇ ಓಡಲು ಶುರುವಾದ ಪ್ರಾಮಿಸ್ ಅಲ್ಲ. ಮೊದಲು ಮ್ಯಾಪ್ ಹಾಕಿ ಎಲ್ಲ ಫೈಲಿಗೂ ಕೆಲಸ ಶುರು ಮಾಡಿ, ಆಮೇಲೆ ಆ ಪ್ರಾಮಿಸ್‌ಗಳನ್ನು ಒಂದೊಂದು ಬಾಣದ ಫಂಕ್ಷನ್‌ನಲ್ಲಿ ಸುತ್ತಿ ಸಾಲಿಗೆ ಸೇರಿಸಿದ ಕೋಡ್ ನೋಡಲಿಕ್ಕೆ ಸರಿ ಕಾಣುತ್ತದೆ, ಎರರೂ ಬರುವುದಿಲ್ಲ, ಮಿತಿ ಮಾತ್ರ ಹೆಸರಿಗಷ್ಟೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಸಂಖ್ಯೆ ಎಷ್ಟು ಹಾಕಬೇಕು? ಕೆಲಸ ಎಲ್ಲಿ ಕಟ್ಟಿಹಾಕಿಕೊಳ್ಳುತ್ತದೆ ಎಂಬುದರ ಮೇಲೆ ಹೋಗುತ್ತದೆ.

ಫೋಟೊ ಸಣ್ಣದು ಮಾಡಲಿಕ್ಕೆ ಶಾರ್ಪ್ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿ ಬಳಸುತ್ತಿದ್ದರೆ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಬೇಕು: ಕ್ಯೂನ ಕನ್‌ಕರೆನ್ಸಿ, ಥ್ರೆಡ್‌ಪೂಲ್‌ನ ಗಾತ್ರ, ಶಾರ್ಪ್ ಒಂದು ಚಿತ್ರಕ್ಕೆ ಬಳಸುವ ಥ್ರೆಡ್‌ಗಳು. ಶಾರ್ಪ್‌ನ ಕೆಲಸ ನಡೆಯುವುದೂ ಅದೇ ನಾಲ್ಕು ಥ್ರೆಡ್‌ಗಳ ಪೂಲ್‌ನಲ್ಲಿ. ಎಂಟು ಕೋರ್ ಇರುವ ಮೆಷಿನ್‌ನಲ್ಲಿ ಕ್ಯೂಗೆ 8 ಕೊಟ್ಟು, ಪೂಲ್ 4ರಲ್ಲೇ ಬಿಟ್ಟರೆ ನಾಲ್ಕು ಚಿತ್ರ ಓಡುತ್ತವೆ, ಉಳಿದ ನಾಲ್ಕು ಓಡಿದ ಹಾಗೆ ನಟಿಸುತ್ತವೆ. ಯುವಿ_ಥ್ರೆಡ್‌ಪೂಲ್_ಸೈಜ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಅನ್ನು 8 ಮಾಡಿ, ಅದೂ ನೋಡ್ ಶುರು ಮಾಡುವ ಮೊದಲು, ಟರ್ಮಿನಲ್ಲಿನಲ್ಲೇ. ಸ್ಕ್ರಿಪ್ಟಿನ ಒಳಗೆ ಪ್ರೊಸೆಸ್ ಡಾಟ್ ಎನ್ವ್‌ಗೆ ಬರೆದರೆ ನಂಬಲಿಕ್ಕಾಗುವುದಿಲ್ಲ. ಶಾರ್ಪ್‌ನ ಸ್ವಂತ ಕನ್‌ಕರೆನ್ಸಿಯನ್ನು 1 ಮಾಡಿ. ಬಹಳ ಚಿತ್ರಗಳಿರುವಾಗ ಎಂಟು ಚಿತ್ರ ತಲಾ ಒಂದು ಥ್ರೆಡ್‌ನಲ್ಲಿ ಹೋಗುವುದೇ ಲಾಭ. ಒಂದು ಚಿತ್ರಕ್ಕೆ ಎಂಟು ಥ್ರೆಡ್ ಕೊಟ್ಟರೆ ಅವು ಒಂದಕ್ಕೊಂದು ಕಾಯುವುದರಲ್ಲೇ ಸಮಯ ಹೋಗುತ್ತದೆ. ಕೋರ್ ಎಷ್ಟಿದೆ ಎಂದು ಕೈಯಲ್ಲಿ ಬರೆಯುವ ಬದಲು ಓಎಸ್ ಮಾಡ್ಯೂಲ್‌ನ ಅವೈಲಬಲ್‌ಪ್ಯಾರಲಲಿಸಂ ಕೇಳಿ.

ರ್‍ಯಾಮ್ ಲೆಕ್ಕವೂ ಬೇಕು. 24 ಮೆಗಾಪಿಕ್ಸೆಲ್ ಫೋಟೊ ಅಂದರೆ 6000 ಗುಣಿಸು 4000, ಪಿಕ್ಸೆಲ್‌ಗೆ ಮೂರು ಬೈಟ್: ಬಿಚ್ಚಿದಾಗ 72 ಎಂಬಿ. ಎಂಟು ಒಟ್ಟಿಗೆ ಪೂರ್ತಿ ಬಿಚ್ಚಿದರೆ 576 ಎಂಬಿ. ಜೆಪೆಗ್ ಸಣ್ಣದು ಮಾಡುವುದಷ್ಟೇ ಆದರೆ ಓದುವಾಗಲೇ ಅರ್ಧ, ಕಾಲು, ಎಂಟನೇ ಒಂದು ಅಳತೆಗೆ ಇಳಿಸಿ ಓದುವ ಸೌಲಭ್ಯ ಇರುವುದರಿಂದ ಇಷ್ಟು ಬೇಕಾಗುವುದಿಲ್ಲ. ಟಿಫ್, ಪಿಎನ್‌ಜಿಗಳಿಗೆ ಆ ರಿಯಾಯಿತಿ ಇಲ್ಲ. ತಾಳೆಗರಿ, ಹಳೆಯ ದಾಖಲೆಗಳ ಸ್ಕ್ಯಾನ್ ಮಾಡುವವರಲ್ಲಿ ನೂರಾರು ಎಂಬಿಯ ಟಿಫ್‌ಗಳಿದ್ದರೆ ಕೋರ್ ಎಂಟಿದ್ದರೂ ಕನ್‌ಕರೆನ್ಸಿ 2ಕ್ಕೆ ಇಳಿಸಬೇಕಾಗಬಹುದು.

ಫೈಲು ಓದುವುದು ತಿರುಗುವ ಹಾರ್ಡ್‌ಡಿಸ್ಕ್‌ನಿಂದಾದರೆ 1 ಅಥವಾ 2 ಸಾಕು. ಜಾಸ್ತಿ ಮಾಡಿದಷ್ಟು ಡಿಸ್ಕ್‌ನ ಹೆಡ್ ಅತ್ತಿತ್ತ ಓಡಿ ನಿಧಾನವೇ ಆಗುತ್ತದೆ. ಎಸ್‌ಎಸ್‌ಡಿಗೆ 8ರಿಂದ ಶುರು ಮಾಡಿ ನೋಡಬಹುದು. ಅಪ್‌ಲೋಡ್‌ಗೆ ಮಿತಿ ಹಾಕುವುದು ನಿಮ್ಮ ಲೈನ್: 100 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 12.5 ಎಂಬಿ. 400 ಕೆಬಿಗೆ ಇಳಿಸಿದ ಹತ್ತು ಸಾವಿರ ಫೋಟೊ 4 ಜಿಬಿ, ಐದೂವರೆ ನಿಮಿಷದ ಕೆಲಸ. ಮೂಲ ಫೈಲುಗಳೇ ಹೋಗಬೇಕಾದರೆ 80 ಜಿಬಿ, ಲೈನ್ ಪೂರ್ತಿ ಸಿಕ್ಕಿದರೂ ಒಂದೂಮುಕ್ಕಾಲು ಗಂಟೆ. ಕನ್‌ಕರೆನ್ಸಿ 4 ಇದ್ದರೂ 40 ಇದ್ದರೂ ಆ ಒಂದೂಮುಕ್ಕಾಲು ಗಂಟೆ ಕಮ್ಮಿಯಾಗುವುದಿಲ್ಲ. ಹಾಗಾಗಿ ಸಣ್ಣದು ಮಾಡಲಿಕ್ಕೆ ಒಂದು ಕ್ಯೂ, ಏರಿಸಲಿಕ್ಕೆ ಬೇರೆಯೇ ಕ್ಯೂ. ಒಂದೇ ಕ್ಯೂನಲ್ಲಿ ಎರಡನ್ನೂ ತುರುಕಿದರೆ ನೆಟ್‌ಗೆ ಕಾಯುವ ಕೆಲಸಗಳು ಕುರ್ಚಿ ಹಿಡಿದು ಕೂರುತ್ತವೆ, ಕೋರುಗಳು ತಣ್ಣಗಿರುತ್ತವೆ.

ನಿಮ್ಮ ಜಾವಾಸ್ಕ್ರಿಪ್ಟ್ ಓಡುವ ಥ್ರೆಡ್ಡನ್ನೇ ಹಿಡಿದು ಕೂರುವ ಭಾರದ ಕೆಲಸಕ್ಕೆ, ದೊಡ್ಡ ಸಿಎಸ್‌ವಿ ಬಿಡಿಸುವುದೋ ಕ್ರಿಪ್ಟೊ ಮಾಡ್ಯೂಲ್‌ನ ಕ್ರಿಯೇಟ್‌ಹ್ಯಾಶ್‌ನಿಂದ ಚೆಕ್‌ಸಮ್ ತೆಗೆಯುವುದೋ, ಪಿ-ಕ್ಯೂನಿಂದ ಏನೂ ವೇಗ ಬರುವುದಿಲ್ಲ. ಅದು ಮುಖ್ಯ ಥ್ರೆಡ್‌ನಲ್ಲೇ ನಡೆಯುತ್ತದೆ. ಅಲ್ಲಿ ಬೇಕಾದದ್ದು ವರ್ಕರ್ ಥ್ರೆಡ್, ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ಬೇರೆಯೇ ಥ್ರೆಡ್.

ಇನ್ನು ಪಿ-ಕ್ಯೂ ಬಳಸುವವರು ನಿಜವಾಗಿ ಬೀಳುವ ಗುಂಡಿಗಳು. ದೊಡ್ಡದು ಎರರ್‌ನದ್ದು. ಆ್ಯಡ್ ಒಂದು ಪ್ರಾಮಿಸ್ ಕೊಡುತ್ತದೆ. ಫೈಲು ಕೆಟ್ಟಿದ್ದರೆ ಆ ಪ್ರಾಮಿಸ್ ರಿಜೆಕ್ಟ್ ಆಗುತ್ತದೆ, ಅಂದರೆ ‘ಆಗಲಿಲ್ಲ’ ಎನ್ನುತ್ತದೆ. ಕ್ಯೂ ಮಾತ್ರ ಮುಂದೆ ಹೋಗುತ್ತದೆ, ಆನ್‌ಐಡಲ್ ರಿಜೆಕ್ಟ್ ಆಗುವುದಿಲ್ಲ. ಹಾಗೆಂದು ಬರೇ ಆನ್‌ಐಡಲ್‌ಗೆ ಕಾದು ಕೂತರೆ, ಯಾರೂ ಹಿಡಿಯದ ಆ ರಿಜೆಕ್ಷನ್ ನೋಡ್‌ನ 15ನೇ ಆವೃತ್ತಿಯಿಂದ ಈಚೆಗೆ ಇಡೀ ಪ್ರೊಸೆಸ್ಸನ್ನೇ ಕೆಡವುತ್ತದೆ. ‘ಎರರ್’ ಈವೆಂಟ್‌ಗೆ ಕಿವಿ ಕೊಟ್ಟಿದ್ದೇನೆ ಎಂದರೂ ಉಪಯೋಗವಿಲ್ಲ. ಪ್ರತಿ ಆ್ಯಡ್‌ಗೂ ಕ್ಯಾಚ್ ಬೇಕು. ಇನ್ನೂ ಚೊಕ್ಕ ಮಾಡಬೇಕೆಂದರೆ, ಫಂಕ್ಷನ್‌ನ ಒಳಗೇ ಟ್ರೈ-ಕ್ಯಾಚ್ ಇಟ್ಟು, ಫೈಲಿನ ಹೆಸರು ಮತ್ತು ಎರರ್ ಕೋಡ್ ಎರಡನ್ನೂ ಸೋತವರ ಪಟ್ಟಿಗೆ ಬರೆಯಿರಿ. ಹತ್ತು ಸಾವಿರದಲ್ಲಿ ಒಂದು ಫೋಟೊ ಕೆಟ್ಟದ್ದಕ್ಕೆ ಉಳಿದ 9,999 ನಿಲ್ಲುವುದರಲ್ಲಿ ಅರ್ಥವಿಲ್ಲ.

ಎಲ್ಲ ಎರರ್‌ಗಳನ್ನೂ ಹೀಗೆ ನುಂಗುವುದೂ ತಪ್ಪು. ಡಿಸ್ಕ್ ತುಂಬಿದರೆ ‘ಇಎನ್ಒಎಸ್‌ಪಿಸಿ’ ಬರುತ್ತದೆ. ಆಗ ಕ್ಯೂ ನಿಲ್ಲುವುದಿಲ್ಲ: ಉಳಿದ ಏಳೆಂಟು ಸಾವಿರ ಫೈಲುಗಳನ್ನೂ ಒಂದೊಂದಾಗಿ ತೆಗೆದು, ಒಂದೊಂದಾಗಿ ಸೋಲಿಸಿ, ಕೊನೆಗೆ ‘ಮುಗಿಯಿತು’ ಎನ್ನುತ್ತದೆ. ಈ ಕೋಡ್ ಕಂಡ ಕೂಡಲೇ ಕ್ಯೂನ ‘ಪಾಜ್’ (ತಡೆದು ನಿಲ್ಲಿಸುವ ಫಂಕ್ಷನ್) ಕರೆಯಬೇಕು. ಓಡುತ್ತಿರುವುದನ್ನು ಪಾಜ್ ನಿಲ್ಲಿಸುವುದಿಲ್ಲ, ಹೊಸದನ್ನು ಬಿಡುವುದಿಲ್ಲ ಅಷ್ಟೆ. ಜಾಗ ಖಾಲಿ ಮಾಡಿ ಸ್ಟಾರ್ಟ್ ಕೊಟ್ಟರೆ ಮುಂದುವರಿಯುತ್ತದೆ. ಸೋತ ನಾಲ್ಕೈದನ್ನು ಮತ್ತೆ ಸಾಲಿಗೆ ಸೇರಿಸಬೇಕು. ಪಿ-ಕ್ಯೂಗೆ ನಾವು ಪೂರ್ತಿ ಅಂಕ ಕೊಡುವುದು ಈ ಪಾಜ್-ಸ್ಟಾರ್ಟ್‌ಗೆ, ಮತ್ತು ಓಡುತ್ತಿರುವಾಗಲೇ ಕನ್‌ಕರೆನ್ಸಿ ಬದಲಾಯಿಸಬಹುದಾದ ಅನುಕೂಲಕ್ಕೆ. ಸ್ಟುಡಿಯೊದಲ್ಲಿ ಅದೇ ಕಂಪ್ಯೂಟರ್‌ನಲ್ಲಿ ಹಗಲು ಆಲ್ಬಮ್ ಡಿಸೈನ್ ನಡೆಯುವಾಗ 2, ಅಂಗಡಿ ಬಾಗಿಲು ಹಾಕಿದ ಮೇಲೆ 8.

ಟೈಮ್‌ಔಟ್ ಆಪ್ಷನ್ ಬಗ್ಗೆ ಎಚ್ಚರ. ಅದು ಕಾಯುವುದನ್ನು ನಿಲ್ಲಿಸುತ್ತದೆ, ಕೆಲಸವನ್ನು ನಿಲ್ಲಿಸುವುದಿಲ್ಲ. 30 ಸೆಕೆಂಡ್ ಕೊಟ್ಟಿದ್ದೀರಿ, ದೊಡ್ಡ ಟಿಫ್ ಒಂದು ಮೀರಿತು: ಕ್ಯೂ ಆ ಕುರ್ಚಿ ಖಾಲಿ ಎಂದು ಇನ್ನೊಂದನ್ನು ಒಳಗೆ ಬಿಡುತ್ತದೆ, ಹಳೆಯದು ಹಿಂದೆ ಓಡುತ್ತಲೇ ಇರುತ್ತದೆ. ಹೀಗೆ ನಾಲ್ಕು ಮೀರಿದರೆ ಮಿತಿ 8 ಎಂದಿದ್ದ ಕಡೆ 12 ಓಡುತ್ತಿರುತ್ತವೆ, ರ್‍ಯಾಮ್ ಯಾಕೆ ಏರಿತೆಂದು ಗೊತ್ತಾಗುವುದಿಲ್ಲ. ಚಿತ್ರಗಳಿಗಾದರೆ ಶಾರ್ಪ್‌ನದ್ದೇ ಟೈಮ್‌ಔಟ್ ಹಾಕಿ, ಅದು ಸಂಸ್ಕರಣೆಯನ್ನೇ ನಿಲ್ಲಿಸುತ್ತದೆ. ಆದರೆ ಶಾರ್ಪ್ ಎಣಿಸುವುದು ಸೆಕೆಂಡುಗಳಲ್ಲಿ, ಪಿ-ಕ್ಯೂ ಮಿಲಿಸೆಕೆಂಡುಗಳಲ್ಲಿ. ಅಪ್‌ಲೋಡ್‌ಗಾದರೆ ಅಬಾರ್ಟ್ ಸಿಗ್ನಲ್ (ಕೆಲಸ ನಿಲ್ಲಿಸೆಂಬ ಸೂಚನೆ) ಅನ್ನು ಫೈಲ್ ಕಳಿಸುವ ಫೆಚ್‌ಗೂ ದಾಟಿಸಬೇಕು.

ಒಂದೇ ಕ್ಯೂನ ಕೆಲಸದ ಒಳಗಿಂದ ಅದೇ ಕ್ಯೂಗೆ ಇನ್ನೊಂದು ಕೆಲಸ ಸೇರಿಸಿ ಅದು ಮುಗಿಯಲಿಕ್ಕೆ ಕಾದರೆ ಎಲ್ಲ ಕುರ್ಚಿಗಳೂ ಕಾಯುವವರಿಂದ ತುಂಬಿ ಗಂಟು ಬೀಳುತ್ತದೆ. ಫೋಲ್ಡರ್ ಒಳಗೆ ಫೋಲ್ಡರ್ ಇಳಿಯುವ ಕೋಡ್‌ನಲ್ಲಿ ಇದು ಸಾಮಾನ್ಯ. ಕ್ಲಿಯರ್ ಕರೆದರೂ ಇಂಥದ್ದೇ ಒಂದು ತಾಪತ್ರಯ: ಸಾಲಿನಿಂದ ತೆಗೆದ ಕೆಲಸಗಳ ಪ್ರಾಮಿಸ್‌ಗಳು ಹೌದು-ಇಲ್ಲ ಎರಡೂ ಹೇಳದೆ ಹಾಗೇ ಉಳಿಯುತ್ತವೆ. ಎರಡೂ ಸಂದರ್ಭದಲ್ಲಿ, ಕಾಯುವ ‘ಅವೈಟ್’ ಟಾಪ್-ಲೆವೆಲ್‌ನಲ್ಲಿದ್ದರೆ (ಯಾವ ಫಂಕ್ಷನ್‌ನ ಒಳಗೂ ಇಲ್ಲದಿದ್ದರೆ), 13 ಎಂಬ ಎಕ್ಸಿಟ್ ಕೋಡ್ ಕೊಟ್ಟು ನೋಡ್ ಹೊರಟುಹೋಗುತ್ತದೆ. ಆ 13 ಕಂಡರೆ ಹುಡುಕಬೇಕಾದದ್ದು ಎಲ್ಲೆಂದು ಗೊತ್ತಾಯಿತಲ್ಲ.

ಲಕ್ಷಗಟ್ಟಲೆ ಫೈಲಿದ್ದರೆ ಎಲ್ಲವನ್ನೂ ಒಮ್ಮೆಲೇ ಆ್ಯಡ್ ಮಾಡಬೇಡಿ. ಫೋಲ್ಡರ್ ತೆರೆಯುವ ಓಪನ್‌ಡಿರ್ ಫಂಕ್ಷನ್‌ನಿಂದ ಹೆಸರುಗಳನ್ನು ಒಂದೊಂದಾಗಿ ತೆಗೆಯುತ್ತಾ, ಪ್ರತಿ ಆ್ಯಡ್‌ಗೆ ಮೊದಲು ಆನ್‌ಸೈಜ್‌ಲೆಸ್‌ದ್ಯಾನ್ 100ಕ್ಕೆ (ಸಾಲು ನೂರಕ್ಕಿಂತ ಕಮ್ಮಿಯಾಗುವುದಕ್ಕೆ) ಕಾಯಿರಿ. ಸಾಲಿನಲ್ಲಿ ಯಾವಾಗಲೂ ನೂರರ ಒಳಗೆ ಇರುತ್ತದೆ. ಫೈಲನ್ನು ಓದುವ ಕೆಲಸ ಫಂಕ್ಷನ್‌ನ ಒಳಗೇ ಇರಲಿ. ಹೊರಗೆ ಓದಿ ಬಫರ್ (ಓದಿಟ್ಟ ಬೈಟುಗಳು) ಅನ್ನು ಒಳಗೆ ಕಳಿಸಿದರೆ ಕಾಯುವವರೆಲ್ಲ ರ್‍ಯಾಮ್ ಹಿಡಿದುಕೊಂಡೇ ಕಾಯುತ್ತಾರೆ.

ಪಿ-ಕ್ಯೂ ಪೂರ್ತಿ ಸೋಲುವುದು ಕರೆಂಟ್ ಹೋದಾಗ. ಸಾಲು ಇರುವುದು ಬರೇ ಮೆಮೊರಿಯಲ್ಲಿ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿಗೆ ಒಂದು ಮರದ ಗೆಲ್ಲು ತಂತಿ ಮೇಲೆ ಬಿದ್ದರೆ ಸಾಕು, ಯುಪಿಎಸ್ ಮುಗಿಯುವವರೆಗೆ ಮಾತ್ರ ಕ್ಯೂ ಬದುಕಿರುತ್ತದೆ. ಪರಿಹಾರ ಕಷ್ಟದ್ದಲ್ಲ: ಔಟ್‌ಪುಟ್ ಅನ್ನು ಮೊದಲು ಅದೇ ಡಿಸ್ಕ್‌ನ ತಾತ್ಕಾಲಿಕ ಫೋಲ್ಡರಿಗೆ ಬರೆದು, ಮುಗಿದ ಮೇಲೆ ರೀನೇಮ್ ಮಾಡಿ ನಿಜವಾದ ಜಾಗಕ್ಕೆ ತನ್ನಿ. ಮತ್ತೆ ಓಡಿಸುವಾಗ ನಿಜವಾದ ಜಾಗದಲ್ಲಿ ಇರುವುದನ್ನು ಬಿಟ್ಟುಬಿಡಿ. ಅರ್ಧ ಬರೆದ ಜೆಪೆಗ್ ಆಲ್ಬಮಿಗೆ ಹೋಗುವ ಭಯ ಇದರಿಂದ ಬಹುಮಟ್ಟಿಗೆ ತಪ್ಪುತ್ತದೆ. ತಾತ್ಕಾಲಿಕ ಫೋಲ್ಡರ್ ಬೇರೆ ಡ್ರೈವ್‌ನಲ್ಲಿದ್ದರೆ ರೀನೇಮ್ ‘ಎಕ್ಸ್‌ಡೆವ್’ ಎಂದು ಸೋಲುತ್ತದೆ. ವಿಂಡೋಸ್‌ನಲ್ಲಿ ಆ್ಯಂಟಿವೈರಸ್ ಫೈಲನ್ನು ಹಿಡಿದುಕೊಂಡಿದ್ದರೆ ‘ಇಪರ್ಮ್’ ಬರಬಹುದು, ಸ್ವಲ್ಪ ತಡೆದು ಎರಡು ಮೂರು ಸಲ ಪ್ರಯತ್ನಿಸಿದರೆ ಸರಿಯಾಗುತ್ತದೆ.

ಹೆಸರುಗಳ ವಿಷಯದಲ್ಲಿ ಎರಡು ಬಲೆಗಳಿವೆ. ಒಂದು ಕ್ಯಾಮೆರಾದ್ದು: ಸಂಖ್ಯೆ 9999ಕ್ಕೆ ಮುಗಿದು ಮತ್ತೆ 0001ರಿಂದ ಶುರುವಾಗುತ್ತದೆ, ಎರಡು ಕ್ಯಾಮೆರಾಗಳಲ್ಲಿ ಒಂದೇ ಹೆಸರಿರುವುದು ದಿನನಿತ್ಯದ್ದು. ಎರಡೂ ಒಂದೇ ಫೋಲ್ಡರಿಗೆ ಹೋದರೆ, ‘ಇದೆಯಾ’ ಎಂದು ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇನ್ನೊಂದು ಕೆಲಸ ನುಗ್ಗುತ್ತದೆ, ಒಂದು ಫೋಟೊ ಸದ್ದಿಲ್ಲದೆ ಅಳಿಯುತ್ತದೆ. ಔಟ್‌ಪುಟ್ ಹೆಸರಿನ ಮುಂದೆ ಕ್ಯಾಮೆರಾದ ಗುರುತು ಸೇರಿಸಿ.

ಇನ್ನೊಂದು ನಮ್ಮ ಲಿಪಿಯದ್ದು. ಫೋಲ್ಡರಿಗೆ ‘ಭೂತಕೋಲ’ ಎಂದು ಹೆಸರಿಟ್ಟರೆ ಆರು ಯೂನಿಕೋಡ್ ಸಂಕೇತ, ಒಂದೊಂದಕ್ಕೆ 3 ಬೈಟ್‌ನಂತೆ 18 ಬೈಟ್. ಅದೇ ಹೆಸರು ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡ್ರೈವ್‌ನಿಂದ ಬಂದರೆ ‘ಕೋ’ದ ದೀರ್ಘ ಓಕಾರ ಮೂರು ತುಂಡಾಗಿ ಒಡೆದಿರುತ್ತದೆ: ಎಂಟು ಸಂಕೇತ, 24 ಬೈಟ್. ಕಣ್ಣಿಗೆ ಎರಡೂ ಒಂದೇ, ಜಾವಾಸ್ಕ್ರಿಪ್ಟ್‌ನ ಹೋಲಿಕೆಗೆ ಬೇರೆ ಬೇರೆ. ಮುಗಿದವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಆಗಿಹೋದ ಫೋಟೊಗಳೆಲ್ಲ ಮತ್ತೆ ಸಾಲಿಗೆ ಬರುತ್ತವೆ. ಪಟ್ಟಿಗೆ ಸೇರಿಸುವಾಗಲೂ ಹುಡುಕುವಾಗಲೂ ನಾರ್ಮಲೈಸ್ ಕರೆದು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿದ ರೂಪಕ್ಕೆ, ತನ್ನಿ. ಫೈಲ್ ತೆರೆಯಲಿಕ್ಕೆ ಮಾತ್ರ ಡಿಸ್ಕ್ ಕೊಟ್ಟ ಮೂಲ ಹೆಸರೇ ಬೇಕು. ಲಿನಕ್ಸ್‌ನ ಎಕ್ಸ್ಟ್4ನಲ್ಲಿ ಹೆಸರಿಗೆ 255 ಬೈಟ್ ಮಿತಿ, ಕನ್ನಡಕ್ಕೆ 85 ಸಂಕೇತ. ವಿಂಡೋಸ್‌ನಲ್ಲಿ ಹಿಡಿಸಿದ ಉದ್ದ ಹೆಸರು ಸರ್ವರ್‌ನಲ್ಲಿ ‘ಹೆಸರು ಉದ್ದವಾಯಿತು’ ಎಂದು ಸೋಲುವುದು ಇದಕ್ಕೇ.

ಬೇರೆ ಆಯ್ಕೆಗಳು? ಒಂದು ಫೋಲ್ಡರ್, ಒಂದು ಫಂಕ್ಷನ್, ಒಂದು ಸಲ ಓಡಿಸಿ ಮುಗಿಸುವ ಕೆಲಸ ಆದರೆ ಪಿ-ಕ್ಯೂಗಿಂತ ಅದೇ ಲೇಖಕರ ಪಿ-ಮ್ಯಾಪ್ ಮೇಲು. ಓಪನ್‌ಡಿರ್ ಅನ್ನು ನೇರ ಅದಕ್ಕೆ ಕೊಡಬಹುದು, ಕನ್‌ಕರೆನ್ಸಿಗೆ ಬೇಕಾದಷ್ಟೇ ಹೆಸರು ಎಳೆದುಕೊಳ್ಳುತ್ತದೆ, ಆನ್‌ಸೈಜ್‌ಲೆಸ್‌ದ್ಯಾನ್ ರಗಳೆ ಇಲ್ಲ. ಪಿ-ಲಿಮಿಟ್ ಇನ್ನೂ ಚಿಕ್ಕದು, ಚೆನ್ನಾಗಿದೆ. ಆದರೆ ಅದರಲ್ಲಿ ಪೆಂಡಿಂಗ್‌ಕೌಂಟ್ ಅಂದರೆ ಕಾಯುವವರು, ಪಿ-ಕ್ಯೂನಲ್ಲಿ ಪೆಂಡಿಂಗ್ ಅಂದರೆ ಓಡುತ್ತಿರುವವರು. ಪ್ರೋಗ್ರೆಸ್ ತೋರಿಸುವ ಕೋಡ್ ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡಬೇಡಿ. ಹಲವು ಮೆಷಿನ್ ಸೇರಿ ಮಾಡುವ ಕೆಲಸಕ್ಕೆ, ಸಾಲು ಡಿಸ್ಕ್‌ನಲ್ಲಿ ಉಳಿಯಬೇಕೆಂದರೆ, ಬುಲ್‌ಎಂಕ್ಯೂ. ಅದಕ್ಕೆ ರೆಡಿಸ್ ಎಂಬ ಡೇಟಾಬೇಸ್ ಸರ್ವರ್ ನಡೆಸಬೇಕು, ಆ ರೆಡಿಸ್‌ಗೆ ಡಿಸ್ಕ್‌ಗೆ ಬರೆಯುವ ಸೆಟ್ಟಿಂಗೂ ಬೇಕು. ಒಂದು ಸ್ಟುಡಿಯೊಗೆ ಅದು ಜಾಸ್ತಿಯಾಯಿತು. ಪಿ-ಕ್ಯೂನ ಜಾಗ ನಡುವಿನದ್ದು: ಕಾರ್ಡು ಹಾಕಿದ ಹಾಗೆ ಫೈಲು ಬರುತ್ತಲೇ ಇದೆ, ಪಾರ್ಟಿ ಕೇಳಿದ ಇಪ್ಪತ್ತು ಫೋಟೊ ಮೊದಲು ಹೋಗಬೇಕು, ನಡುವೆ ನಿಲ್ಲಿಸಬೇಕು. ಪ್ರಯಾರಿಟಿ ಸಂಖ್ಯೆ ದೊಡ್ಡದಾದಷ್ಟು ಮೊದಲು, ಏನೂ ಕೊಡದಿದ್ದರೆ 0.

ಹಾಕಿಕೊಳ್ಳುವಾಗ ಒಂದು ತೊಡಕು: 7ನೇ ಆವೃತ್ತಿಯಿಂದ ಇದು ಇಎಸ್ ಮಾಡ್ಯೂಲ್ ಮಾತ್ರ, ಅಂದರೆ ಹಳೆಯ ‘ರಿಕ್ವೈರ್’ನ ಬದಲು ‘ಇಂಪೋರ್ಟ್’ನಿಂದ ತರಿಸಿಕೊಳ್ಳುವ ಹೊಸ ರೂಪ. ಹಳೆಯ ಪ್ರಾಜೆಕ್ಟ್‌ನಲ್ಲಿ ರಿಕ್ವೈರ್ ಬರೆದರೆ ಹಳೆಯ ನೋಡ್ ಎರರ್ ಕೊಡುತ್ತದೆ. ಫೈಲಿನ ಎಕ್ಸ್‌ಟೆನ್ಶನ್ ಅನ್ನು ಎಂಜೆಎಸ್ ಮಾಡಿ ಇಂಪೋರ್ಟ್ ಬರೆಯುವುದು ಸುಲಭ. ನೋಡ್ 22.12 ಅಥವಾ ಅದಕ್ಕಿಂತ ಹೊಸದಿದ್ದರೆ ರಿಕ್ವೈರ್ ನಡೆಯುತ್ತದೆ, ಆದರೆ ಕ್ಲಾಸ್ ಸಿಗುವುದು ಅದರ ‘ಡೀಫಾಲ್ಟ್’ ಗುಣದಲ್ಲಿ.